ಚೇಣಿ ಅಡ್ವಾನ್ಸ್ ಎಷ್ಟಿರಬೇಕು? ಆಪ್ಷನ್ ಲೆಕ್ಕ ನಮಗೂ ಬೇಕು

ಈ ಸಲದ ಅಡಿಕೆ ಚೇಣಿ ಮಾತುಕತೆ ಶುರುವಾಗಿದೆ. ಸಿಕ್ಕವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಕ್ವಿಂಟಾಲ್‌ಗೆ ಎಷ್ಟಕ್ಕೆ ಮಾತಾಯ್ತು?" ನನ್ನ ಪ್ರಕಾರ ಅದರ ಜೊತೆಗೇ ಕೇಳಬೇಕಾದ ಇನ್ನೆರಡು ಪ್ರಶ್ನೆ ಇವೆ. ಅಡ್ವಾನ್ಸ್ ಎಷ್ಟು ಕೊಟ್ಟರು? ರೇಟು ಬಿದ್ದರೆ ಅವರು ಕೈಬಿಟ್ಟು ಹೋಗಬಹುದಾ?

ಬಾಯಿಮಾತಿನ ಚೇಣಿ ಹೇಗೆ ನಡೆಯುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ರೇಟು ಏರಿದರೆ, "ಮಾತು ಮಾತೇ" ಅಂತ ಹಳೇ ರೇಟಿಗೇ ಕೊಯ್ತಾರೆ. ರೇಟು ಬಿದ್ದರೆ, ಒಂದೋ ಚೌಕಾಸಿಗೆ ಕೂರ್ತಾರೆ, ಇಲ್ಲಾ ಅಡ್ವಾನ್ಸ್ ಬಿಟ್ಟು ತೋಟದ ಕಡೆ ತಲೆ ಹಾಕೋದಿಲ್ಲ. ಎಲ್ಲರೂ ಹೀಗೆ ಅಂತಲ್ಲ, ಮಾತಿಗೆ ನಿಲ್ಲೋರೂ ಬೇಕಾದಷ್ಟಿದ್ದಾರೆ. ಆದರೆ ಬಿಟ್ಟು ಹೋಗುವ ಅವಕಾಶ ಅವರ ಕೈಲಿದೆ, ನಮ್ಮ ಕೈಲಿಲ್ಲ.

ಷೇರುಪೇಟೆಯಲ್ಲಿ ಇದಕ್ಕೆ ಕಾಲ್ ಆಪ್ಷನ್ ಅಂತಾರೆ. ಗೊತ್ತಾದ ರೇಟಿಗೆ, ಗೊತ್ತಾದ ದಿನದೊಳಗೆ ಕೊಳ್ಳುವ ಹಕ್ಕು. ಬೇಡ ಅನಿಸಿದರೆ ಬಿಡಬಹುದು. ಆ ಹಕ್ಕಿಗೆ ಕೊಡುವ ದುಡ್ಡು ಪ್ರೀಮಿಯಂ. ನಮ್ಮಲ್ಲಿ ಅದರ ಜಾಗದಲ್ಲಿರೋದು ಅಡ್ವಾನ್ಸ್. ಅಲ್ಲಿ ಯಾರೂ ಈ ಹಕ್ಕನ್ನ ಪುಕ್ಕಟೆ ಕೊಡೋದಿಲ್ಲ. ನಾವು ಹೆಚ್ಚುಕಮ್ಮಿ ಪುಕ್ಕಟೆಯಾಗೇ ಕೊಡ್ತಿದ್ದೀವಿ.

ಇದು ಹಳೇ ಕಥೆ. ಗ್ರೀಸಿನ ಥೇಲ್ಸ್ ಅನ್ನೋ ಪಂಡಿತ ಆಲಿವ್ ಬೆಳೆ ಚೆನ್ನಾಗಿ ಬರುತ್ತೆ ಅಂತ ಲೆಕ್ಕ ಹಾಕಿ, ಚಳಿಗಾಲದಲ್ಲೇ ಊರಿನ ಎಣ್ಣೆ ಗಾಣಗಳಿಗೆಲ್ಲ ಚಿಕ್ಕ ಅಡ್ವಾನ್ಸ್ ಕೊಟ್ಟು ಹಿಡಿದಿಟ್ಟ. ಸುಗ್ಗಿಯಲ್ಲಿ ತನ್ನ ರೇಟಿಗೆ ಬಾಡಿಗೆಗೆ ಬಿಟ್ಟು ದುಡ್ಡು ಮಾಡಿದ ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಗಾಣದವರಿಗೆ ತಾವು ಏನು ಮಾರಿದೆವು ಅನ್ನೋದೇ ಗೊತ್ತಿರಲಿಲ್ಲ.

ಈ ಹಕ್ಕಿನ ಬೆಲೆ ಎಷ್ಟು ಅಂತ ಗಣಿತದಲ್ಲಿ ಕಟ್ಟಿ ತೋರಿಸಿದ್ದು 1973ರಲ್ಲಿ, ಅಮೆರಿಕದ ಫಿಶರ್ ಬ್ಲ್ಯಾಕ್, ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್. (ನಮ್ಮ ಕ್ಯಾಂಪ್ಕೊ ಹುಟ್ಟಿದ್ದೂ ಅದೇ ವರ್ಷ.) ಅವರ ಸೂತ್ರಕ್ಕೆ ಬೇಕಾಗೋದು ಐದೇ ವಿಷಯ: ಇವತ್ತಿನ ರೇಟು, ಮಾತಾದ ರೇಟು, ಎಷ್ಟು ದಿನ, ಬಡ್ಡಿ, ಮತ್ತು ರೇಟು ಎಷ್ಟು ಜೋರಾಗಿ ಏರಿಳಿಯುತ್ತೆ ಅನ್ನೋದು. "ಮುಂದೆ ರೇಟು ಏರುತ್ತಾ, ಇಳಿಯುತ್ತಾ" ಅನ್ನೋ ಪ್ರಶ್ನೆ ಆ ಐದರಲ್ಲಿ ಇಲ್ಲವೇ ಇಲ್ಲ! ನಾವು ಕಟ್ಟೆ ಮೇಲೆ ಕೂತು ಚರ್ಚೆ ಮಾಡೋದು ಬರೀ ಅದನ್ನೇ.

1979ರಲ್ಲಿ ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಅನ್ನೋ ಮೂವರು ಇದನ್ನೇ ಕೂಡಿಸಿ ಕಳೆಯೋ ಲೆಕ್ಕಕ್ಕೆ ಇಳಿಸಿದರು. ಅದನ್ನ ನಮ್ಮ ತೋಟಕ್ಕೆ ಹಾಕಿ ನೋಡೋಣ. ಲೆಕ್ಕ ಸುಲಭ ಆಗಲಿ ಅಂತ ಬಡ್ಡಿ, ಕೂಲಿ ಬಿಟ್ಟಿದ್ದೀನಿ; ರೇಟೂ ಉದಾಹರಣೆಗಷ್ಟೇ.

ಇವತ್ತಿನ ರೇಟು 50,000 ರೂ. ಮಾತಾಗಿದ್ದೂ 50,000ಕ್ಕೇ. ಅಡ್ವಾನ್ಸ್ ಕ್ವಿಂಟಾಲ್‌ಗೆ 2,000, ಕೊನೆಗೆ ಬಿಲ್ಲಿನಲ್ಲಿ ವಜಾ. ಕೊಯ್ಲಿನ ಹೊತ್ತಿಗೆ ರೇಟು 60,000 ಆಗಬಹುದು, ಇಲ್ಲಾ 40,000.

ಏರಿದರೆ ನಮಗೆ ಬರೋದು 50,000. ಇಳಿದರೆ ಅವರು ಬರೋದಿಲ್ಲ. 40,000ಕ್ಕೆ ಬೇರೆಯವರಿಗೆ ಕೊಟ್ಟು, 2,000 ಅಡ್ವಾನ್ಸ್ ಉಳಿಸಿಕೊಂಡರೆ 42,000. ಎರಡರ ಸರಾಸರಿ 46,000. ಯಾರ ಜೊತೆಗೂ ಮಾತಾಡದೆ ಸುಮ್ಮನಿದ್ದಿದ್ದರೆ 60,000 ಇಲ್ಲಾ 40,000, ಸರಾಸರಿ 50,000. ಅಂದರೆ ಕ್ವಿಂಟಾಲ್‌ಗೆ 4,000 ರೂಪಾಯಿಯ ಹಕ್ಕನ್ನ ಸುಮ್ಮನೆ ಬಿಟ್ಟುಕೊಟ್ಟ ಹಾಗಾಯ್ತು. 20 ಕ್ವಿಂಟಾಲ್ ಆಗೋ ತೋಟಕ್ಕೆ 80,000.

ಏರಿಳಿತ 10,000 ಬದಲು 5,000 ಅಂತಿಟ್ಟುಕೊಳ್ಳಿ. ಆಗ 50,000 ಇಲ್ಲಾ 47,000. ನಷ್ಟ 1,500ಕ್ಕೆ ಇಳೀತು. ಅಡ್ವಾನ್ಸ್ ಅಷ್ಟೇ ಇದ್ದರೂ, ರೇಟು ಜೋರಾಗಿ ಆಡುವ ವರ್ಷ ನಮ್ಮ ನಷ್ಟ ಜಾಸ್ತಿ. ಅಡ್ವಾನ್ಸ್ ಸರಿಸಮ ಆಗೋದು ಯಾವಾಗ? ರೇಟು ಎಷ್ಟು ಬೀಳಬಹುದೋ ಅಷ್ಟು ಅಡ್ವಾನ್ಸ್ ಇದ್ದಾಗ. ಮೊದಲಿನ ಲೆಕ್ಕದಲ್ಲಿ ಅದು 10,000. ಆಗ ಬಿಟ್ಟು ಹೋದರೆ ಅವರಿಗೇನೂ ಲಾಭವಿಲ್ಲ.

ಈ ಸೂತ್ರವನ್ನ ದೇವರ ಮಾತು ಅಂತ ನಂಬಬೇಡಿ. ಶೋಲ್ಸ್, ಮರ್ಟನ್ ಇಬ್ಬರಿಗೂ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮರುವರ್ಷವೇ ಅವರಿಬ್ಬರೂ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನೋ ಫಂಡ್ ಮುಳುಗೋ ಹಂತಕ್ಕೆ ಹೋಗಿ, ಬ್ಯಾಂಕುಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಬೇಕಾಯ್ತು. ರೇಟು ಮೆಲ್ಲಗೆ ಆಡುತ್ತೆ, ಯಾವಾಗ ಬೇಕಾದರೂ ಕೊಂಡು ಮಾರಬಹುದು ಅಂತ ಸೂತ್ರ ನಂಬುತ್ತೆ. ನಮ್ಮ ಮಂಡಿಯ ರೇಟು ಒಂದೇ ಸುದ್ದಿಗೆ ಜಿಗಿಯುತ್ತೆ. ಹಾಗಾಗಿ ರೂಪಾಯಿ-ಪೈಸೆ ಲೆಕ್ಕಕ್ಕೆ ಇದು ಬರೋದಿಲ್ಲ. ದಿಕ್ಕು ತೋರಿಸೋದಕ್ಕೆ ಸಾಕು: ದಿನ ಜಾಸ್ತಿಯಾದಷ್ಟೂ, ಏರಿಳಿತ ಜಾಸ್ತಿಯಾದಷ್ಟೂ ಅಡ್ವಾನ್ಸ್ ಜಾಸ್ತಿ ಇರಬೇಕು.

ಇನ್ನೊಂದು ಮಾತು, ಹುಡುಗರಿಗೆ. ಮೊಬೈಲಿನಲ್ಲಿ ಆಪ್ಷನ್ ಆಡಿ ಅಂತ ನಾನು ಹೇಳ್ತಿಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ ಆಡಿದ ಬಿಡಿ ಹೂಡಿಕೆದಾರರಲ್ಲಿ 100ಕ್ಕೆ 93 ಜನ ಕಳಕೊಂಡಿದ್ದಾರೆ ಅಂತ ಸೆಬಿಯೇ ಲೆಕ್ಕ ಕೊಟ್ಟಿದೆ.

ಚೇಣಿಯವರನ್ನ ದೂರೋದೂ ನನ್ನ ಉದ್ದೇಶ ಅಲ್ಲ. ಕೊನೆಗಾರರನ್ನ ಹುಡುಕೋದು, ಸುಲಿಸೋದು, ಬೇಯಿಸೋದು, ಮಳೆಯಲ್ಲಿ ಒಣಗಿಸೋದು ಎಲ್ಲ ಅವರ ತಲೆ ಮೇಲೆ. ಅದರ ಕೂಲಿ, ಲಾಭ ಅವರಿಗೆ ಸಿಗಲೇಬೇಕು. ಬಿಟ್ಟು ಹೋಗುವ ಹಕ್ಕು ಮಾತ್ರ ಬೇರೆ ಸರಕು. ಅದಕ್ಕೆ ಬೇರೆ ಬೆಲೆ.

ಹಾಗಾಗಿ ಈ ಸಲ ಮಾತಿಗೆ ಕೂತಾಗ ಇಷ್ಟು ಕೇಳೋಣ.

ಒಂದು, ಕರಾರು ಕಾಗದದ ಮೇಲಿರಲಿ. ರೇಟು ಬಿದ್ದರೆ ಏನು ಅನ್ನೋದೂ ಅದರಲ್ಲಿರಲಿ.

ಎರಡು, ಅಡ್ವಾನ್ಸ್ ಕಮ್ಮಿ ಕೊಡೋರಿಗೆ ಇಡೀ ಫಸಲಿನ ರೇಟು ಕಟ್ಟಬೇಡಿ. ಒಂದು ಕೊಯ್ಲಿಗೆ ಮಾತ್ರ ಮಾತಾಡಿ, ಮುಂದಿನದಕ್ಕೆ ಆಗಿನ ರೇಟು. ದಿನ ಕಮ್ಮಿಯಾದರೆ ಹಕ್ಕಿನ ಬೆಲೆಯೂ ಕಮ್ಮಿ.

ಮೂರು, "ಬೇಡ ಅಂದ್ರೆ ಬಿಡ್ತೀನಿ" ಅನ್ನೋರ ಅಡ್ವಾನ್ಸ್ ಬಿಲ್ಲಿನಲ್ಲಿ ವಜಾ ಆಗಬಾರದು.

ನಾಲ್ಕು, ಒಣಗಿಸೋ ಅನುಕೂಲ ಇರೋರು ಅರ್ಧವಾದರೂ ಸೊಸೈಟಿಯಲ್ಲಿಟ್ಟು ಅಡಮಾನ ಸಾಲ ತಗೊಳ್ಳಿ. ಬಡ್ಡಿ ಬೀಳುತ್ತೆ ನಿಜ, ಆದರೆ ಕಾಯುವ ಹಕ್ಕು ನಮ್ಮ ಕೈಲೇ ಇರುತ್ತೆ.

ಒಬ್ಬರೇ ಕೇಳಿದರೆ "ಪಕ್ಕದ ತೋಟ ನೋಡ್ಕೋತೀವಿ" ಅಂತಾರೆ. ಹತ್ತು ಜನ ಕೇಳಿದರೆ ಹಾಗೆ ಅನ್ನೋಕಾಗಲ್ಲ. ನಿಮ್ಮ ಊರಲ್ಲಿ ಈ ಸಲ ಅಡ್ವಾನ್ಸ್ ಎಷ್ಟು ನಡೀತಿದೆ, ಕೆಳಗೆ ಬರೀರಿ.