ಔಷಧಿ ಕೊಡುವ ಮೊದಲು ಗಂಡಸಿಗೂ ಒಂದು ಮಾತು ಹೇಳಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲವೆಂದು ನನಗೆ ಥೈರಾಯ್ಡ್ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು, ನೋವು ನುಂಗಿಕೊಂಡು ಗರ್ಭನಾಳ ನೋಡುವ ಟ್ಯೂಬ್ ಟೆಸ್ಟೂ ಆಯಿತು. ಎಲ್ಲವೂ ಸರಿಯಿತ್ತು. ಆದರೂ ಕೇರಿಯಲ್ಲಿ ಸೀಮಂತವಾದರೆ ಅತ್ತೆಯವರನ್ನು ಮಾತ್ರ ಕರೆಯತೊಡಗಿದರು. ನಮ್ಮ ಯಜಮಾನರಿಗೆ ಕಿಡ್ನಿ ಕಾಯಿಲೆ ಇದೆಯೆಂಬುದು ನನಗೆ ಪರೀಕ್ಷೆ ಬರೆದುಕೊಟ್ಟವರಿಗೆಲ್ಲ ಗೊತ್ತಿತ್ತು. ಅವರ ವೀರ್ಯ ಪರೀಕ್ಷೆ ಮಾಡಿಸಿ ಎಂದು ಒಬ್ಬರೂ ಹೇಳಲಿಲ್ಲ. ತಡವಾಗಿ ಮಾಡಿಸಿದಾಗ ಒಂದು ವೀರ್ಯಾಣುವೂ ಕಾಣಲಿಲ್ಲ.

ಮದುವೆಗೆ ಮುಂಚೆ ಕೈಕಾಲು, ಮುಖ ಊದಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದಾಗ ಅವರಿಗೆ ಸ್ಟೀರಾಯ್ಡ್ ಜೊತೆ ಸೈಕ್ಲೋಫಾಸ್ಫಮೈಡ್ ಕೊಟ್ಟಿದ್ದರು. ಕಿಡ್ನಿ ಉಳಿಸಲೆಂದೇ ಕೊಟ್ಟದ್ದು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಸೈಕ್ಲೋಫಾಸ್ಫಮೈಡ್ ವೃಷಣದಲ್ಲಿ ವೀರ್ಯಾಣು ಹುಟ್ಟಿಸುವ ಜೀವಕೋಶಗಳನ್ನೂ ಕೊಲ್ಲುತ್ತದೆ. ಒಟ್ಟು ಪ್ರಮಾಣ ಏರಿದಷ್ಟೂ ಹಾನಿ ಹೆಚ್ಚು, ಕೆಲವರಲ್ಲಿ ಅದು ಶಾಶ್ವತ. ವೈದ್ಯರಿಗೆ ಇದು ದಶಕಗಳಿಂದ ತಿಳಿದ ವಿಷಯ. ಮೊದಲ ಡೋಸಿಗೆ ಮುಂಚೆ ವೀರ್ಯವನ್ನು ಹೆಪ್ಪುಗಟ್ಟಿಸಿ ಬ್ಯಾಂಕಿನಲ್ಲಿ ಇಡಿಸಬಹುದು ಎಂಬುದೂ ತಿಳಿದದ್ದೇ. ಅಂಥ ಬ್ಯಾಂಕುಗಳ ನೋಂದಣಿಗೆ 2021ರಲ್ಲಿ ಕಾಯ್ದೆಯೇ ಬಂದಿದೆ. ಔಷಧಿಯ ಚೀಟಿ ಬರೆಯುವಾಗ ಈ ಒಂದು ಮಾತು ಹೇಳಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷವನ್ನು ಅವರಿಗೆ ಯಾರೂ ಕೊಡಲಿಲ್ಲ.

ಇಂಥ ಔಷಧಿ ತೆಗೆದುಕೊಳ್ಳದವರ ಪಾಡೂ ಹಗುರವಲ್ಲ. ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ವಿಷಾಂಶಗಳಿಂದ ವೃಷಣದ ಕೆಲಸ ಕುಂದಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹೊರಡಿಸುವ ಸಂಕೇತಗಳೂ ಲಯ ತಪ್ಪುತ್ತವೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ದೇಹದಿಂದ ಸರಿಯಾಗಿ ಹೊರಹೋಗದೆ ಏರುತ್ತದೆ. ಆಸೆ ಕುಗ್ಗುತ್ತದೆ, ನಿಮಿರುವಿಕೆ ಕಷ್ಟವಾಗುತ್ತದೆ, ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ತಗ್ಗುತ್ತವೆ. ಡಯಾಲಿಸಿಸ್ ಮೇಲಿರುವ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿಮಿರುವಿಕೆಯ ತೊಂದರೆ ಇರುತ್ತದೆ. ರಕ್ತಹೀನತೆ, ಸಕ್ಕರೆ ಕಾಯಿಲೆ, ಬಿಪಿಯ ಕೆಲವು ಮಾತ್ರೆಗಳು, ಮನಸ್ಸಿನ ಕುಸಿತ ಎಲ್ಲವೂ ಇದಕ್ಕೆ ಕೂಡಿಕೊಳ್ಳುತ್ತವೆ. ಡಯಾಲಿಸಿಸ್ ಜೀವ ಹಿಡಿದಿಡುತ್ತದೆ, ಹಾರ್ಮೋನನ್ನು ಮಾತ್ರ ಸಾಮಾನ್ಯವಾಗಿ ಮೊದಲಿನಂತೆ ಮಾಡುವುದಿಲ್ಲ. ಕಿಡ್ನಿ ಕಸಿಯಾದ ಮೇಲೆ ಎಷ್ಟೋ ಜನರಿಗೆ ಸುಧಾರಿಸುತ್ತದೆ, ತಂದೆಯಾದವರೂ ಇದ್ದಾರೆ. ಆದರೆ ಕಸಿಯ ನಂತರ ಕೊಡುವ ಔಷಧಿಗಳಲ್ಲೊಂದಾದ ಸಿರೊಲಿಮಸ್ ಮತ್ತೆ ವೀರ್ಯಾಣುಗಳನ್ನು ಇಳಿಸಬಲ್ಲದು. ಮಗು ಬೇಕೆನ್ನುವವರಿಗೆ ಅದನ್ನೂ ಮೊದಲೇ ಹೇಳಬೇಕು.

2016ರಿಂದ ಪ್ರಧಾನಮಂತ್ರಿಗಳ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸಿಗುತ್ತಿದೆ. ಈಗ ಡಯಾಲಿಸಿಸ್ ಮೇಲಿರುವ ನಮ್ಮ ಯಜಮಾನರಂಥವರು ಬದುಕಿರುವುದೇ ಅದರಿಂದ, ಕೃತಜ್ಞತೆ ಇದೆ. ಆದರೆ ಸಾಲುಮಂಚಗಳ ಡಯಾಲಿಸಿಸ್ ಕೋಣೆಯಲ್ಲಿ ಹಿಮೋಗ್ಲೋಬಿನ್ ಎಷ್ಟು, ಪೊಟ್ಯಾಸಿಯಂ ಎಷ್ಟು, ನೀರು ಎಷ್ಟು ಕುಡಿದೆ ಎಂದು ಕೇಳುವವರು ದಾಂಪತ್ಯದ ಬಗ್ಗೆ ಕೇಳಿದ್ದನ್ನು ನಾನು ನೋಡಿಲ್ಲ. ಪಕ್ಕದ ಮಂಚದವನಿಗೆ ಕೇಳಿಸುವಲ್ಲಿ ಯಾವ ಗಂಡಸು ತಾನಾಗಿ ಬಾಯಿಬಿಟ್ಟಾನು? ಹೊರಗೆ ಬೆಂಚಿನ ಮೇಲೆ ಕಾಯುವ ನಾವು ಹೆಂಗಸರು ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತೇವೆ. ಒಬ್ಬಳ ಗಂಡ ಬೇರೆ ಕೋಣೆಯಲ್ಲಿ ಮಲಗುತ್ತಾನೆ. ಇನ್ನೊಬ್ಬಳನ್ನು ಬಂಜೆಯೆಂದು ತವರಿಗೆ ಕಳಿಸುವ ಮಾತು ನಡೆದಿದೆ. ಮತ್ತೊಬ್ಬಳ ಗಂಡ ಶಕ್ತಿ ಬರಲೆಂದು ಎಲ್ಲೋ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಹಾಕಿಸಿಕೊಂಡಿದ್ದಾನೆ. ಹೊರಗಿನಿಂದ ಕೊಟ್ಟ ಟೆಸ್ಟೋಸ್ಟೆರಾನ್ ವೀರ್ಯಾಣು ಉತ್ಪಾದನೆಯನ್ನೇ ತಡೆಯುತ್ತದೆ. ಮಗು ಬೇಕೆಂದು ಹಂಬಲಿಸುತ್ತಿದ್ದ ಅವನಿಗೆ ಅದನ್ನು ಹೇಳಿದವರಿಲ್ಲ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಸರ್ಕಾರಿ ಆಸ್ಪತ್ರೆಗಳಲ್ಲಾಗಲಿ ಖಾಸಗಿಯಲ್ಲಾಗಲಿ, ಮಕ್ಕಳನ್ನು ಬಯಸುವ ವಯಸ್ಸಿನ ಗಂಡಸಿಗೆ ಸೈಕ್ಲೋಫಾಸ್ಫಮೈಡ್ ಶುರುಮಾಡುವ ಮೊದಲು ವೀರ್ಯ ಸಂಗ್ರಹದ ಬಗ್ಗೆ ಹೇಳಿದ್ದೇವೆಂದು ಕೇಸ್ ಶೀಟಿನಲ್ಲಿ ಬರೆದು ಅವನ ಸಹಿ ಪಡೆಯಬೇಕೆಂಬ ನಿಯಮ ಬರಲಿ. ತುರ್ತಾಗಿ ಕೊಡಲೇಬೇಕಾದರೆ ಆ ಕಾರಣವನ್ನಾದರೂ ಬರೆಯಲಿ. ಸಂಗ್ರಹದ ಖರ್ಚನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಭರಿಸಲಿ. ಕೂಲಿ ಮಾಡುವ ಹುಡುಗನಿಗೆ ಬರೀ ಮಾಹಿತಿ ಕೊಟ್ಟು ಕಳಿಸಿದರೆ ಅವನು ದುಡ್ಡೆಲ್ಲಿಂದ ತರುತ್ತಾನೆ? ತೊಂದರೆ ಹೇಳಿಕೊಂಡ ಡಯಾಲಿಸಿಸ್ ರೋಗಿಗಳಿಗೆ ಟೆಸ್ಟೋಸ್ಟೆರಾನ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಉಚಿತವಾಗಲಿ. ಹೇಳಿಕೊಳ್ಳಲು ಬಾಗಿಲು ಹಾಕಬಹುದಾದ ಒಂದು ಕೋಣೆಯೂ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತನಾಡುವ ಒಬ್ಬ ಆಪ್ತಸಮಾಲೋಚಕರೂ ಇರಲಿ. ಮಕ್ಕಳಿಲ್ಲವೆಂದು ಬಂದ ಹೆಂಗಸಿನ ಟ್ಯೂಬ್ ಟೆಸ್ಟಿಗೆ ಮುಂಚೆ ಗಂಡನ ವೀರ್ಯ ಪರೀಕ್ಷೆಯಾಗಲಿ. ಅದು ನೋವಿಲ್ಲದ್ದು, ಅಗ್ಗದ್ದು.

ಸೈಕ್ಲೋಫಾಸ್ಫಮೈಡ್ ಕುರಿತ ಆದೇಶವನ್ನು ಮೊದಲು ಹೊರಡಿಸಿ. ಮಿಕ್ಕವಕ್ಕೆ ಹಣ, ಜನ ಹೊಂದಿಸಲು ಸಮಯ ಬೇಕಾದೀತು, ಇದಕ್ಕೆ ಒಂದು ಸುತ್ತೋಲೆ ಸಾಕು. ಅದರ ಪ್ರತಿಯನ್ನು ಕನ್ನಡದಲ್ಲಿ ಪ್ರತಿ ಕಿಡ್ನಿ ವಿಭಾಗದ ಹೊರಗೋಡೆಗೆ ಅಂಟಿಸಲು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಡಯಾಲಿಸಿಸ್ ರೋಗಿಯೊಬ್ಬರ ಹೆಂಡತಿ