ಸುಟ್ಟ ಗಾಯ: ಪುಡಿಯ ಡಬ್ಬಿಯೋ, ತಟ್ಟೆಯ ಊಟವೋ?

ಮನೆಯಲ್ಲಿ ಯಾರಾದರೂ ಬೆಂಕಿಯಿಂದಲೋ ಕುದಿಯುವ ನೀರಿನಿಂದಲೋ ಸುಟ್ಟುಕೊಂಡು ಆಸ್ಪತ್ರೆ ಸೇರಿದರೆ, ನೋಡಲು ಬಂದವರು ಎರಡು ಸಲಹೆ ಕೊಡದೆ ಹೋಗುವುದಿಲ್ಲ. ಮೊಟ್ಟೆ, ಮೀನು, ಮಾಂಸ ಕೊಡಬೇಡಿ, ನಂಜಾಗುತ್ತದೆ ಎಂಬುದು ಒಂದು. ಮೆಡಿಕಲ್‌ನಿಂದ ಅಮೈನೋ ಆಮ್ಲದ ಪುಡಿ ತಂದು ಕುಡಿಸಿ, ರೋಗನಿರೋಧಕ ಶಕ್ತಿ ಬರುತ್ತದೆ ಎಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡೂ ತಪ್ಪು. ಮೊದಲನೆಯದು ಹೆಚ್ಚು ಅಪಾಯಕಾರಿ.

ಪುಡಿಯ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ಗ್ಲುಟಮಿನ್ ಎಂಬ ಅಮೈನೋ ಆಮ್ಲ ನಮ್ಮ ಬಿಳಿ ರಕ್ತಕಣಗಳಿಗೂ ಕರುಳಿನ ಒಳಪದರಕ್ಕೂ ಇಂಧನ. ದೊಡ್ಡ ಸುಟ್ಟಗಾಯವಾದಾಗ ರಕ್ತದಲ್ಲಿ ಅದು ಕುಸಿಯುತ್ತದೆ. ಹೊರಗಿನಿಂದ ಕೊಟ್ಟರೆ ಸೋಂಕು ಕಡಿಮೆಯಾದೀತೆಂದು ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. ಆಮೇಲೆ ದೊಡ್ಡ ಪರೀಕ್ಷೆ ನಡೆಯಿತು. 14 ದೇಶಗಳ 54 ಸುಟ್ಟಗಾಯ ಚಿಕಿತ್ಸಾ ಕೇಂದ್ರಗಳಲ್ಲಿ ತೀವ್ರವಾಗಿ ಸುಟ್ಟಿದ್ದ ಸುಮಾರು 1,200 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಗ್ಲುಟಮಿನ್, ಉಳಿದವರಿಗೆ ಅದಿಲ್ಲದ ಪುಡಿ. 2022ರಲ್ಲಿ ಫಲಿತಾಂಶ ಬಂತು. ಗ್ಲುಟಮಿನ್ ಪಡೆದವರು ಬೇಗ ಮನೆಗೆ ಮರಳಲಿಲ್ಲ, ಸಾವೂ ಕಡಿಮೆಯಾಗಲಿಲ್ಲ. ಇದಕ್ಕೂ ಮೊದಲು, 2013ರಲ್ಲಿ, ಹಲವು ಅಂಗಗಳು ಸೋತಿದ್ದ ಐಸಿಯು ರೋಗಿಗಳಲ್ಲಿ ಗ್ಲುಟಮಿನ್ ಕೊಟ್ಟವರಲ್ಲೇ ಸಾವು ಹೆಚ್ಚು ಕಂಡಿತ್ತು. ಸಾಲ ಮಾಡಿ ಡಬ್ಬಿ ತರುವ ಮೊದಲು ಇದು ಗೊತ್ತಿರಲಿ.

ಹಾಗಾದರೆ ಗಾಯ ತುಂಬುವುದು ಯಾವುದರಿಂದ? ಸಾಕಷ್ಟು ಪ್ರೋಟೀನ್‌ನಿಂದ. ಹೆಚ್ಚು ಸುಟ್ಟ ವಯಸ್ಕರಿಗೆ ದಿನಕ್ಕೆ ದೇಹತೂಕದ ಕಿಲೋಗೆ ಒಂದೂವರೆಯಿಂದ ಎರಡು ಗ್ರಾಂ ಬೇಕು. ಅಂದರೆ 60 ಕಿಲೋ ತೂಕದವರಿಗೆ 90ರಿಂದ 120 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು ಗ್ರಾಂ ಮಾತ್ರ. ಹೀಗಿರುವಾಗ ಬರೀ ಗಂಜಿ, ತಿಳಿಸಾರು ಕೊಟ್ಟು ಮಲಗಿಸಿದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಗಾಯ ಒಣಗುವುದು ತಡವಾಗುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಆಗ ಮನೆಯವರು, "ನೋಡಿ, ನಂಜಾಯಿತು" ಅನ್ನುತ್ತಾರೆ! ಗಾಯ ಕೀವಾಗುವುದು ರೋಗಾಣುಗಳಿಂದ, ಕೋಳಿಸಾರಿನಿಂದಲ್ಲ.

ಮೊಟ್ಟೆ, ಮೀನು, ಕೋಳಿ, ಹಾಲು, ಮೊಸರು, ಬೇಳೆ, ಕಡಲೆ, ಯಾವುದು ಒಗ್ಗುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಬಾರಿ ಕೊಡಿ. ಬಾಯಿಂದ ಸಾಕಷ್ಟು ಹೋಗದಿದ್ದರೆ ಮೂಗಿನ ನಳಿಗೆಯಲ್ಲಿ ಆಹಾರ ಕೊಡಲು ವೈದ್ಯರು ಹೇಳಬಹುದು, ಹೆದರಿ ಬೇಡವೆನ್ನಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಎಷ್ಟು ಪ್ರೋಟೀನ್ ಎಂಬುದನ್ನು ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಿ.