ಮೊಸರು ತಿನ್ನಿ, ಆದರೆ ರಕ್ತ ಹೋದರೆ ಮುಚ್ಚಿಡಬೇಡಿ

ಹಲಸೂರಿನ ನಮ್ಮ ಬೀದಿಯ ಗೃಹಿಣಿಯೊಬ್ಬರು ಎಂಟು ತಿಂಗಳು ಎರಡು ಹೊತ್ತೂ ಮೊಸರನ್ನವನ್ನೇ ತಿಂದರು. ಖಾರ ಬಿಟ್ಟರು, ಮದುವೆ ಮನೆಗೆ ಹೋಗುವುದನ್ನು ಬಿಟ್ಟರು. ಕೆ.ಆರ್. ಪುರಂನಲ್ಲಿರುವ ಮಗಳ ಮನೆಗೆ ಬಸ್ಸಿನಲ್ಲಿ ಹೋಗುವುದನ್ನೂ ನಿಲ್ಲಿಸಿದರು. ದಾರಿಯಲ್ಲಿ ಅವಸರವಾದರೆ ಏನು ಮಾಡೋದು ಎಂಬ ಭಯ! ಕೇಳಿದರೆ, “ಹೊಟ್ಟೆ ಹೀಟು ಅಕ್ಕಾ, ಅಷ್ಟೇ. ಮೊಸರು ತಿಂದ್ರೆ ತಂಪಾಗತ್ತೆ” ಎನ್ನುತ್ತಿದ್ದರು. ಮಗಳು ತಂದಿಟ್ಟ ಪ್ರೋಬಯಾಟಿಕ್ ಬಾಟಲಿಗಳೂ ಫ್ರಿಜ್ಜಿನಲ್ಲಿ ಸಾಲಾಗಿದ್ದವು. ಮಲದಲ್ಲಿ ರಕ್ತ ಹೋಗುತ್ತಿರುವ ವಿಷಯವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ತಲೆಸುತ್ತಿ ಬಿದ್ದ ದಿನವೇ ಎಲ್ಲ ಹೊರಬಿದ್ದದ್ದು. ಕೊಲೊನೋಸ್ಕೋಪಿ ಮಾಡಿದ ಡಾಕ್ಟರು ‘ಅಲ್ಸರೇಟಿವ್ ಕೊಲೈಟಿಸ್’ ಎಂದರು. ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು.

ಹಾಗಾದರೆ ಮೊಸರು, ಪ್ರೋಬಯಾಟಿಕ್ ಎಲ್ಲ ಸುಳ್ಳಾ? ಖಂಡಿತ ಅಲ್ಲ. ಅವು ಏನು ಮಾಡುತ್ತವೆ, ಏನು ಮಾಡಲಾರವು ಎಂಬುದನ್ನು ನಾವು ತಿಳಿದುಕೊಂಡಿಲ್ಲ, ಅಷ್ಟೇ.

ಒಂದೇ ಸಾಲಿನ ಗೋಡೆ

ಕರುಳಿನ ಒಳಗೋಡೆ ಜೀವಕೋಶಗಳ ಒಂದೇ ಒಂದು ಸಾಲು. ಅದರ ಮೇಲೆ ಲೋಳೆಯ ಹೊದಿಕೆ. ಕೋಶಗಳ ನಡುವಿನ ಸಂದುಗಳು ಗಾರೆ ಮೆತ್ತಿದಂತೆ ಬಿಗಿಯಾಗಿರುತ್ತವೆ. ಸೋಂಕಿನಿಂದಲೋ ಮತ್ತೊಂದು ಕಾರಣದಿಂದಲೋ ಈ ಸಂದು ಸಡಿಲವಾದರೆ ಕರುಳಿನೊಳಗಿನ ಬ್ಯಾಕ್ಟೀರಿಯಾಗಳ ಅಂಶ ಗೋಡೆ ದಾಟಿ ನುಸುಳುತ್ತದೆ. ಅಲ್ಲಿ ಕಾವಲಿರುವ ರೋಗನಿರೋಧಕ ಕೋಶಗಳು ಯುದ್ಧಕ್ಕಿಳಿಯುತ್ತವೆ. ಅದೇ ಉರಿಯೂತ.

ಒಳ್ಳೆಯ ಬ್ಯಾಕ್ಟೀರಿಯಾಗಳು ಇಲ್ಲಿ ಹಲವು ಬಗೆಯಲ್ಲಿ ನೆರವಾಗುತ್ತವೆ. ಕೆಟ್ಟ ಕ್ರಿಮಿಗಳಿಗೆ ಜಾಗ, ಆಹಾರ ಸಿಗದಂತೆ ನೋಡಿಕೊಳ್ಳುತ್ತವೆ. ಲೋಳೆ ಹೆಚ್ಚಿಸಲು, ಸಂದು ಬಿಗಿಯಾಗಲು ಕೋಶಗಳನ್ನು ಪ್ರಚೋದಿಸುತ್ತವೆ. ಅನಗತ್ಯವಾಗಿ ಕೆರಳುವ ರೋಗನಿರೋಧಕ ಕೋಶಗಳನ್ನು ಶಾಂತಗೊಳಿಸುತ್ತವೆ. ಇನ್ನು ನಮ್ಮ ಕರುಳಿನಲ್ಲಿ ಮೊದಲೇ ನೆಲೆಸಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ನಾರನ್ನು ಹುದುಗಿಸಿ ‘ಬ್ಯುಟಿರೇಟ್’ ತಯಾರಿಸುತ್ತವೆ. ದೊಡ್ಡ ಕರುಳಿನ ಕೋಶಗಳಿಗೆ ಇದೇ ಮುಖ್ಯ ಆಹಾರ.

ಆದರೆ ಇದರಲ್ಲಿ ಹೆಚ್ಚಿನದು ಪ್ರಯೋಗಾಲಯದಲ್ಲಿ ಕಂಡದ್ದು. ಒಂದು ತಳಿ ಮಾಡುವ ಕೆಲಸವನ್ನು ಇನ್ನೊಂದು ಮಾಡುತ್ತದೆಂಬ ಖಾತ್ರಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ 2001ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಪ್ರೋಬಯಾಟಿಕ್ ಎಂದರೆ ಜೀವಂತ ಸೂಕ್ಷ್ಮಜೀವಿ, ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ತರುವಂಥದ್ದು. ಅಮೆರಿಕದ ಜಠರಕರುಳು ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್‌ಗೂ ಕ್ರೋನ್ಸ್ ಕಾಯಿಲೆಗೂ ಪ್ರೋಬಯಾಟಿಕ್ ಬಳಕೆ ಸಂಶೋಧನೆಯ ಚೌಕಟ್ಟಿನಲ್ಲಷ್ಟೇ ಇರಲಿ ಎಂದಿತು. ಅಂದರೆ, ಗೋಡೆ ಕಾಯಲು ನೆರವಾಗುವುದು ಬೇರೆ, ಹತ್ತಿಕೊಂಡ ಬೆಂಕಿ ಆರಿಸುವುದು ಬೇರೆ!

ಅಡುಗೆಮನೆಯಲ್ಲಿ ಏನು ಮಾಡಬಹುದು?

* ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಒಳ್ಳೆಯ ಆಹಾರ. ಆದರೆ ಅದರಲ್ಲಿ ಯಾವ ತಳಿ, ಎಷ್ಟಿದೆ ಎಂಬುದು ಮನೆಮನೆಗೂ ಬೇರೆ. ಆದ್ದರಿಂದ ಅದನ್ನು ಔಷಧಿ ಎನ್ನಲಾಗದು.
* ಮಜ್ಜಿಗೆಹುಳಿ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಇಡ್ಲಿ ಬೆಂದಾಗಲೂ ಅಷ್ಟೇ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಹಸಿ ಮಜ್ಜಿಗೆ ಕುಡಿಯಿರಿ. ರಾಗಿ ಅಂಬಲಿಗೆ ಆರಿದ ಮೇಲೆ ಮಜ್ಜಿಗೆ ಬೆರೆಸಿ.
* ಬರೀ ಮೊಸರನ್ನ ಸಾಲದು. ರಾಗಿ, ಕಾಳು, ಸೊಪ್ಪು, ಬಾಳೆದಿಂಡು ಊಟದಲ್ಲಿರಲಿ. ರಸೆಲ್ ಮಾರ್ಕೆಟ್ಟಿನಲ್ಲಾಗಲಿ, ಕೆ.ಆರ್. ಪುರಂ ಸಂತೆಯಲ್ಲಾಗಲಿ ಇವು ಸುಲಭವಾಗಿ ಸಿಗುತ್ತವೆ. (ಕರುಳಿನಲ್ಲಿ ಈಗಾಗಲೇ ಉರಿಯೂತ ಇರುವವರು ನಾರು ಎಷ್ಟು ತಿನ್ನಬಹುದೆಂದು ಡಾಕ್ಟರನ್ನು ಕೇಳಿ.)
* ಬಾಟಲಿ, ಕ್ಯಾಪ್ಸೂಲ್ ಕೊಳ್ಳುವ ಮುನ್ನ ಲೇಬಲ್ ಓದಿ. ಬ್ಯಾಕ್ಟೀರಿಯಾದ ಹೆಸರಿನ ಜತೆ ತಳಿಯ ಗುರುತೂ ಇರಬೇಕು. ಅವಧಿ ಮುಗಿಯುವವರೆಗೆ ಕನಿಷ್ಠ ಎಷ್ಟು ಜೀವಂತವಾಗಿರುತ್ತವೆ ಎಂಬ ಲೆಕ್ಕವೂ ಇರಬೇಕು. ನಮ್ಮ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2011ರ ಮಾರ್ಗಸೂಚಿಯೇ ಇದನ್ನು ಹೇಳಿದೆ.
* ಸಣ್ಣ ನೆಗಡಿಗೂ ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದಕ್ಕೆ ಬಲಿಯಾಗುತ್ತವೆ.
* ನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಡಾಕ್ಟರನ್ನು ಕೇಳದೆ ಪ್ರೋಬಯಾಟಿಕ್ ಕೊಡಲೇಬೇಡಿ.

ನಾಚಿಕೆ ಯಾಕೆ?

ಮನೆಯವರಿಗೆಲ್ಲ ಹೊಟ್ಟೆನೋವೆಂದರೆ ಓಡಾಡುವ ನಾವು, ನಮ್ಮದೇ ತೊಂದರೆ ಹೇಳಿಕೊಳ್ಳಲು ಸಂಕೋಚಪಡುತ್ತೇವೆ. ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು’ ಅಂದುಕೊಂಡು ಸುಮ್ಮನಾಗುತ್ತೇವೆ. ನನ್ನ ಪ್ರಕಾರ ಕೊಲೈಟಿಸ್‌ಗಿಂತ ದೊಡ್ಡ ಕಾಯಿಲೆ ಈ ಮೌನ. ಮಲದಲ್ಲಿ ರಕ್ತ, ವಾರಗಟ್ಟಲೆ ಬಿಡದ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ... ಇವುಗಳಲ್ಲಿ ಒಂದಿದ್ದರೂ ಡಾಕ್ಟರನ್ನು ನೋಡಿ. ದುಡ್ಡಿನ ಚಿಂತೆಯಿದ್ದರೆ ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಗಳಿವೆ, ಎರಡೂ ಸರ್ಕಾರದವೇ.

ನಮ್ಮ ಬೀದಿಯವರು ಈಗ ತಪ್ಪದೆ ಮಾತ್ರೆ ತಗೊಳ್ತಾರೆ. ಮೊನ್ನೆ ಬಸ್ ಹತ್ತಿ ಮಗಳ ಮನೆಗೂ ಹೋಗಿಬಂದರು. ಮೊಸರನ್ನ ಬಿಟ್ಟಿಲ್ಲ. ಆದರೆ ಹೊಟ್ಟೆಯಲ್ಲಿ ಸ್ವಲ್ಪ ಏರುಪೇರಾದರೂ ಮೊದಲು ಡಾಕ್ಟರಿಗೆ ಹೇಳುತ್ತಾರೆ. ನೀವೂ ಅಷ್ಟು ಮಾಡಿ.